ಕೊಳ್ಳುವವನ ತಕ್ಕಡಿಯೂ ನೆಟ್ಟಗಿರಲಿ

(ಪಟ್ಟಣವೊಂದರ ಮಸೀದಿ ಸಭಾಂಗಣದಲ್ಲಿ ಜರಗಿದ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣದ ಬರಹ ರೂಪ)





ವ್ಯಾಪಾರದಲ್ಲಿ ಪ್ರಾಮಾಣಿಕತೆ ಎಂಬ ವಿಷಯ ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವನು ಅಂಗಡಿಯವನು. ತಕ್ಕಡಿ ಇರುವುದು ಅವನ ಕೈಯಲ್ಲಿ, ಬೆಲೆ ಹೇಳುವವನು ಅವನು, ಸರಕಿನ ಗುಣದೋಷಗಳನ್ನು ಬಲ್ಲವನೂ ಅವನೇ. ಆದ್ದರಿಂದ ನಮ್ಮ ಖುತ್ಬಾಗಳಲ್ಲಿಯೂ ಪ್ರವಚನಗಳಲ್ಲಿಯೂ ಉಪದೇಶವೆಲ್ಲ ಅವನ ಪಾಲಿಗೇ ಮೀಸಲಾಗಿರುತ್ತದೆ. ಗ್ರಾಹಕನೆಂದರೆ ಮೋಸ ಹೋಗುವವನು, ಅವನನ್ನು ಕಾಪಾಡಬೇಕು ಎಂಬುದಷ್ಟೇ ನಮ್ಮ ತಿಳುವಳಿಕೆ.

ಆದರೆ ಈಗ ಮಾರುಕಟ್ಟೆಯ ರೂಪವೇ ಬದಲಾಗಿದೆ. ಅಂಗಡಿ ಇಲ್ಲದವರೂ ಇಂದು ವ್ಯಾಪಾರಿಗಳು. ಮನೆಯಲ್ಲಿ ಬುರ್ಖಾ ಹೊಲಿದು ವಾಟ್ಸಾಪ್ ಮೂಲಕ ಮಾರುವ ಸಹೋದರಿ, ಅತ್ತರು ಮತ್ತು ಖರ್ಜೂರದ ಪೊಟ್ಟಣಗಳನ್ನು ಇನ್‌ಸ್ಟಾಗ್ರಾಂನಲ್ಲಿ ತೋರಿಸಿ ಕೊರಿಯರ್‌ನಲ್ಲಿ ಕಳುಹಿಸುವ ತರುಣ, ಗಲ್ಫ್‌ನಿಂದ ಮರಳಿ ಬಂದು ದೊಡ್ಡ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಚಪ್ಪಲಿ ಮಾರುವ ಸಹೋದರ, ಮನೆ ಬದಲಾಯಿಸುವಾಗ ಹಳೆಯ ಸೋಫಾ ಮಾರಲು ಮೊಬೈಲಿನಲ್ಲಿ ಜಾಹೀರಾತು ಹಾಕುವ ಗೃಹಸ್ಥ, ಇವರೆಲ್ಲರೂ ಮಾರುವವರೇ. ಇವರಿಗೆ ಗ್ರಾಹಕನ ಮುಖ ಕಾಣುವುದಿಲ್ಲ. ಒಂದು ಫೋನ್ ಸಂಖ್ಯೆ, ಒಂದು ವಿಳಾಸ, ಒಂದು ಸಂದೇಶ, ಅಷ್ಟೇ. ಈ ಮಾರುಕಟ್ಟೆಯಲ್ಲಿ ಮೋಸ ಹೋಗುವವರು ಎಷ್ಟೋ ಸಲ ಮಾರುವವರೇ ಆಗಿರುತ್ತಾರೆ.

ಆದ್ದರಿಂದ ಇಂದು ನಾವು ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳೋಣ. ಅಪ್ರಾಮಾಣಿಕ ಗ್ರಾಹಕನನ್ನು ಎದುರಿಸುವುದು ಹೇಗೆ ಎಂಬುದು ಮೊದಲನೆಯದು. ಆ ಗ್ರಾಹಕ ಯಾರು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಹಿಯಾದುದು.

ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯದ ಹೆಸರು ‘ಅಲ್ ಮುತಫ್ಫಿಫೀನ್’. ಅಳತೆ ತೂಕಗಳಲ್ಲಿ ವಂಚಿಸುವವರು ಎಂದು ಅದರ ಅರ್ಥ. ಕಡಿಮೆ ತೂಗುವ ಅಂಗಡಿಯವನ ಕುರಿತಾದ ಅಧ್ಯಾಯ ಇದೆಂದು ನಾವು ತಿಳಿದಿದ್ದೇವೆ. ಆದರೆ ಅದರ ಆರಂಭವನ್ನು ಗಮನವಿಟ್ಟು ಓದಿರಿ. ಅಲ್ಲಿ ಖಂಡನೆಗೊಳಗಾದವನ ಚಿತ್ರ ಎರಡು ಭಾಗಗಳಲ್ಲಿ ಬರುತ್ತದೆ. ಕೊಡುವಾಗ ಅವನು ಕಡಿಮೆ ಕೊಡುತ್ತಾನೆಂಬುದು ಎರಡನೆಯ ಭಾಗ. ಅದಕ್ಕೂ ಮೊದಲು, ಪಡೆಯುವಾಗ ಅವನು ಒಂದು ಕಾಳೂ ಬಿಡದೆ ಪೂರ್ತಿ ಪಡೆಯುತ್ತಾನೆಂದು ಹೇಳಲಾಗಿದೆ. ತನ್ನ ಹಕ್ಕು ಬಂದಾಗ ಪೂರ್ಣ, ಇತರರ ಹಕ್ಕು ಬಂದಾಗ ಅಪೂರ್ಣ. ಇದು ಮಾರುವವನಿಗಷ್ಟೇ ಅಂಟುವ ರೋಗವಲ್ಲ. ಹಣ ಪೂರ್ತಿ ಹಿಂದಕ್ಕೆ ಪಡೆದು ಸರಕನ್ನು ಬದಲಾಯಿಸಿ ಕಳುಹಿಸುವ ಗ್ರಾಹಕನೂ ಇದೇ ಸಾಲಿಗೆ ಸೇರುತ್ತಾನೆ.

ಮೋಸದ ಮುಖಗಳು

ಸಹೋದರರೇ, ಮೋಸವನ್ನು ತಡೆಯಬೇಕಾದರೆ ಅದರ ರೀತಿಗಳನ್ನು ಅರಿತಿರಬೇಕು. ಒಂದೇ ಬಿಲದಿಂದ ಎರಡು ಬಾರಿ ಕಚ್ಚಿಸಿಕೊಳ್ಳುವವನು ಸತ್ಯವಿಶ್ವಾಸಿಯಲ್ಲ ಎಂಬ ಅರ್ಥದ ಪ್ರವಾದಿ(ಸ)ವಚನವನ್ನು ನಾವೆಲ್ಲ ಕೇಳಿದ್ದೇವೆ. ಮುಗ್ಧತೆ ಬೇರೆ, ಮೂಢತೆ ಬೇರೆ.

ಮೊದಲನೆಯ ಬಗೆಯವನು ಗ್ರಾಹಕನೇ ಅಲ್ಲ, ಗ್ರಾಹಕನ ವೇಷ ತೊಟ್ಟ ಕಳ್ಳ. ನೀವು ಹಳೆಯ ಫ್ರಿಜ್ ಮಾರಲು ಜಾಹೀರಾತು ಹಾಕಿದ ಕೆಲವೇ ನಿಮಿಷಗಳಲ್ಲಿ ಕರೆ ಬರುತ್ತದೆ. ಅವನು ಚೌಕಾಶಿ ಮಾಡುವುದಿಲ್ಲ, ವಸ್ತುವನ್ನು ನೋಡಬೇಕೆಂದೂ ಹೇಳುವುದಿಲ್ಲ. ತಾನು ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ ಎನ್ನುತ್ತಾನೆ. ಸಮವಸ್ತ್ರದ ಭಾವಚಿತ್ರವಿರುವ ಗುರುತುಚೀಟಿಯನ್ನೂ ಕಳುಹಿಸುತ್ತಾನೆ. ಬಳಿಕ ಒಂದು ಕ್ಯೂಆರ್ ಕೋಡ್ ಬರುತ್ತದೆ. ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಗೆ ಬರುತ್ತದೆಂದು ಹೇಳುತ್ತಾನೆ. ಒತ್ತಿದೊಡನೆ ನಿಮ್ಮ ಖಾತೆಯ ಹಣ ಹೋಗುತ್ತದೆ.

2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯ ಒಂದೇ ಒಂದು ನಿಯಮವನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದರೆ ಈ ಮೋಸ ನಡೆಯಲಾರದು. ಹಣ ಕೊಡುವುದಕ್ಕೆ ಪಿನ್ ಬೇಕು, ಪಡೆಯುವುದಕ್ಕೆ ಪಿನ್ ಬೇಡ. ಯಾರಾದರೂ ನಿಮಗೆ ಹಣ ಕೊಡುವ ನೆಪದಲ್ಲಿ ಪಿನ್ ಒತ್ತಲು ಹೇಳಿದರೆ ಅವನು ಕಳ್ಳನೇ. ವ್ಯಕ್ತಿಗಳು ಪರಸ್ಪರರಿಂದ ಹಣ ಕೇಳಿ ಕಳುಹಿಸುವ ಕೋರಿಕೆಯ ಸೌಲಭ್ಯವನ್ನು ಇಂತಹ ವಂಚನೆಗಳ ಕಾರಣದಿಂದಲೇ ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು. ಆದರೆ ಕ್ಯೂಆರ್ ಕೋಡ್‌ನ ಬಾಗಿಲು ತೆರೆದೇ ಇದೆ.

ಎರಡನೆಯ ಬಗೆಯವನು ಹಣ ಕೊಟ್ಟಂತೆ ನಟಿಸುವವನು. ಪಾವತಿಯಾದಂತೆ ತೋರಿಸುವ ನಕಲಿ ಸ್ಕ್ರೀನ್‌ಶಾಟ್ ಸಿದ್ಧಪಡಿಸುವುದು ಇಂದು ಮಕ್ಕಳಾಟ. ಬ್ಯಾಂಕಿನ ಸಂದೇಶವನ್ನೇ ಹೋಲುವ ಸಂದೇಶವನ್ನೂ ಕಳುಹಿಸುತ್ತಾರೆ. ಇವನ ತಮ್ಮನೊಬ್ಬನಿದ್ದಾನೆ. ಅವನು 1,500 ರೂಪಾಯಿಯ ಬದಲು ಕೈತಪ್ಪಿ 15,000 ಕಳುಹಿಸಿದ್ದೇನೆಂದೂ ತಾಯಿ ಆಸ್ಪತ್ರೆಯಲ್ಲಿದ್ದಾರೆಂದೂ ಉಳಿದ 13,500ನ್ನು ಕೂಡಲೇ ಮರಳಿಸಬೇಕೆಂದೂ ಅಂಗಲಾಚುತ್ತಾನೆ. ಇತರರ ಹಣ ನಮ್ಮಲ್ಲಿರಬಾರದೆಂಬ ದೇವಭಯವೇ ಇಲ್ಲಿ ನಮ್ಮನ್ನು ಬಲೆಗೆ ಬೀಳಿಸುತ್ತದೆ. ಖಾತೆ ತೆರೆದು ನೋಡಿದರೆ ಅಲ್ಲಿ ಏನೂ ಬಂದಿರುವುದಿಲ್ಲ. ಕೆಲವೊಮ್ಮೆ ಹಣ ನಿಜವಾಗಿಯೂ ಬಂದಿರುತ್ತದೆ, ಆದರೆ ಅದು ಮೂರನೆಯವನೊಬ್ಬನ ಖಾತೆಯಿಂದ ಕದ್ದ ಹಣ. ಆ ಮೂರನೆಯವನು ದೂರು ಕೊಟ್ಟಾಗ ಎಲ್ಲೋ ದೂರದ ರಾಜ್ಯದ ಠಾಣೆಯಿಂದ ಸೂಚನೆ ಬಂದು ಏನೂ ಅರಿಯದ ವ್ಯಾಪಾರಿಯ ಖಾತೆ ಸ್ಥಗಿತಗೊಳ್ಳುತ್ತದೆ.

ಮೂರನೆಯವನು ವಸ್ತು ತಲುಪಿದ ಮೇಲೆ ಮೋಸ ಮಾಡುವವನು. ಪೆಟ್ಟಿಗೆ ಖಾಲಿ ಇತ್ತು ಎನ್ನುತ್ತಾನೆ. ಹೊಸ ವಸ್ತುವನ್ನು ಇಟ್ಟುಕೊಂಡು ಅದೇ ಬಗೆಯ ಹಳೆಯದನ್ನು ಹಿಂದಕ್ಕೆ ಕಳುಹಿಸುತ್ತಾನೆ. ಮದುವೆಯಲ್ಲಿ ತೊಟ್ಟು ಮೆರೆದ ಉಡುಪನ್ನು ಅಳತೆ ಸರಿಯಿಲ್ಲವೆಂದು ಮರಳಿಸುತ್ತಾನೆ. ಅರ್ಧ ಹಣ ಹಿಂದಿರುಗಿಸದಿದ್ದರೆ ಕೆಟ್ಟ ಅಭಿಪ್ರಾಯ ಬರೆಯುವೆನೆಂದು ಬೆದರಿಸುವವನೂ ಇವನ ಜೊತೆಗಾರನೇ.

ನಾಲ್ಕನೆಯವನಿಗೆ ತಾನು ಮೋಸಗಾರನೆಂಬ ಅರಿವೇ ಇಲ್ಲ. ವಸ್ತು ಬಂದ ಮೇಲೆ ಹಣ ಕೊಡುವ ಕ್ಯಾಶ್ ಆನ್ ಡೆಲಿವರಿ ಪದ್ಧತಿಯಲ್ಲಿ ತರಿಸಿಕೊಳ್ಳುತ್ತಾನೆ. ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ ಬೇಡವೆಂದು ಕಳುಹಿಸಿಬಿಡುತ್ತಾನೆ. ಅವನ ಕಿಸೆಯಿಂದ ಏನೂ ಹೋಗಿರುವುದಿಲ್ಲವಾದ್ದರಿಂದ ಯಾರಿಗೂ ನಷ್ಟವಾಗಿಲ್ಲ ಎಂದೇ ಅವನು ಭಾವಿಸುತ್ತಾನೆ.

ನಷ್ಟ ಯಾರಿಗೆ?

ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಒಬ್ಬ ಸಹೋದರಿ ಬುರ್ಖಾ ಹೊಲಿದು 1,200 ರೂಪಾಯಿಗೆ ಮಾರುತ್ತಾಳೆಂದು ಇಟ್ಟುಕೊಳ್ಳಿ. ಬಟ್ಟೆ, ನೂಲು, ಕಸೂತಿ, ಪ್ಯಾಕಿಂಗ್ ಎಲ್ಲ ಸೇರಿ 950 ರೂಪಾಯಿ ಖರ್ಚು. ಉಳಿಯುವುದು 250. ಅದರಲ್ಲಿಯೇ ಅವಳ ಕೂಲಿಯೂ ಅಡಗಿದೆ. ಕೊರಿಯರ್‌ಗೆ ಹೋಗಲು 90, ಬರಲು 90. ಬಾಗಿಲಿನಿಂದಲೇ ಒಂದು ಪಾರ್ಸೆಲ್ ಹಿಂದಕ್ಕೆ ಬಂದರೆ 180 ರೂಪಾಯಿ ಹೋಯಿತು. ಇನ್ನೊಂದು ಬುರ್ಖಾ ಮಾರಿ ಗಳಿಸಿದ 250ರಲ್ಲಿ ಕೈಯಲ್ಲಿ ಉಳಿಯುವುದು 70 ಮಾತ್ರ. ಇನ್ನು ಯಾರೋ ಅದನ್ನು ತೊಟ್ಟು, ಸುಗಂಧ ಪೂಸಿ, ಕಲೆ ಮಾಡಿ ಮರಳಿಸಿ ಪೂರ್ತಿ ಹಣ ಪಡೆದರೆ ನಷ್ಟ 1,130 ರೂಪಾಯಿ. ಅದನ್ನು ತುಂಬಿಕೊಳ್ಳಲು ಅವಳು ಮತ್ತೆ ಐದು ಬುರ್ಖಾ ಹೊಲಿದು ಮಾರಬೇಕು. ಒಬ್ಬರ ಒಂದು ಸಂಜೆಯ ಸೊಗಸಿಗಾಗಿ ಇನ್ನೊಬ್ಬರ ಐದು ಬುರ್ಖಾಗಳ ದುಡಿಮೆ ನೀರುಪಾಲಾಗುತ್ತದೆ.

ಹಣದ ನಷ್ಟಕ್ಕಿಂತ ದೊಡ್ಡದಾದ ನಷ್ಟ ಇನ್ನೊಂದಿದೆ. ಇಂತಹ ಎರಡು ಘಟನೆಗಳಾದೊಡನೆ ಮನೆಯ ಗಂಡಸರು ನೀಡುವ ತೀರ್ಪು ಯಾವುದು? ‘ಇದೆಲ್ಲ ನಿನಗೆ ಆಗದ ಕೆಲಸ, ನಿಲ್ಲಿಸು.’ ಮೋಸ ಮಾಡಿದವನು ಎಲ್ಲೋ ಹಾಯಾಗಿರುತ್ತಾನೆ, ಶಿಕ್ಷೆ ಮೋಸಹೋದವಳಿಗೆ. ಅಂಗಡಿಯಲ್ಲಿ ಕಳ್ಳತನವಾದರೆ ಅಣ್ಣನಿಗೆ ಅಂಗಡಿ ಮುಚ್ಚೆಂದು ನಾವು ಹೇಳುತ್ತೇವೆಯೇ? ಒಳ್ಳೆಯ ಬೀಗ ಹಾಕೆನ್ನುತ್ತೇವೆ. ತಂಗಿಗೂ ಬೀಗ ಹಾಕುವುದನ್ನು ಕಲಿಸಬೇಕಲ್ಲದೆ ಬಾಗಿಲು ಮುಚ್ಚಿಸಬಾರದು. ಪ್ರವಾದಿವರ್ಯರ(ಸ) ಪತ್ನಿ ಹಝ್ರತ್ ಖದೀಜ(ರ) ಮಕ್ಕಾದ ವ್ಯಾಪಾರಿ ಮಹಿಳೆಯಾಗಿದ್ದರು. ಅವರ ಸರಕು ದೂರದ ಸಿರಿಯಾಕ್ಕೆ ಹೋಗುತ್ತಿತ್ತು. ಸರಕನ್ನು ಯಾರ ಕೈಗೆ ಒಪ್ಪಿಸಬೇಕೆಂಬುದನ್ನು ಅವರು ಪರೀಕ್ಷಿಸಿ ನಿರ್ಧರಿಸುತ್ತಿದ್ದರೆಂಬುದು ಚರಿತ್ರೆ.

ಬರೆದಿಡಿ, ಸಾಕ್ಷಿ ಇರಲಿ

ಹಾಗಾದರೆ ಆ ಬೀಗ ಯಾವುದು? ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಎರಡನೆಯ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನೇಮಿಸಿಕೊಳ್ಳಬೇಕು, ವ್ಯಾಪಾರ ಕುದುರಿಸುವಾಗಲೂ ಸಾಕ್ಷಿ ಇರಲಿ ಎಂಬ ನಿರ್ದೇಶಗಳನ್ನು ನೀಡುತ್ತದೆ. ಬರಹವಿದ್ದರೆ ಸಂಶಯಕ್ಕೆ ಎಡೆಯಿರದು ಎಂಬುದೇ ಅದರ ಆಶಯ. ನಾವಾದರೋ ಬರೆದುಕೊಡು ಎಂದು ಕೇಳುವುದನ್ನೇ ಅವಮಾನವೆಂದು ಬಗೆಯುತ್ತೇವೆ. ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎನ್ನುವವನ ಮುಂದೆ ಬಾಯಿ ಮುಚ್ಚಿಕೊಳ್ಳುತ್ತೇವೆ.

ಅಬೂದಾವೂದ್ ಗ್ರಂಥದಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರವಾದಿ(ಸ)ರು ಒಬ್ಬ ಗ್ರಾಮೀಣ ಅರಬನಿಂದ ಕುದುರೆಯನ್ನು ಖರೀದಿಸಿದರು. ಬೆಲೆ ಪಾವತಿಸಲು ಅವನನ್ನು ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಜನರು ಆ ಕುದುರೆಗೆ ಬೆಲೆ ಕೂಗತೊಡಗಿದರು. ಆಗ ಅವನು, ತಾನು ಮಾರಿಯೇ ಇಲ್ಲವೆಂದು ತಿರುಗಿಬಿದ್ದು ಸಾಕ್ಷಿ ತನ್ನಿರೆಂದು ಸವಾಲು ಹಾಕಿದನು. ಕೊನೆಗೆ ಹಝ್ರತ್ ಖುಝೈಮ ಬಿನ್ ಸಾಬಿತ್(ರ) ಮುಂದೆ ಬಂದು ಪ್ರವಾದಿಯ(ಸ) ಪರವಾಗಿ ಸಾಕ್ಷಿ ನುಡಿದರು. ‘ಅಲ್ ಅಮೀನ್’ ಎಂದು ಕರೆಯಲ್ಪಟ್ಟವರಿಗೇ ವ್ಯವಹಾರದಲ್ಲಿ ಸಾಕ್ಷಿ ಕೇಳಲಾಯಿತು. ಹೀಗಿರುವಾಗ ನಾವು ಸಾಕ್ಷಿ ಇಟ್ಟುಕೊಳ್ಳುವುದರಲ್ಲಿ ಅವಮಾನವೇನಿದೆ?

ಇಂದಿನ ಮಾರುಕಟ್ಟೆಯಲ್ಲಿ ಬರಹ ಮತ್ತು ಸಾಕ್ಷಿ ಎಂದರೆ ಏನು? ಮಾತುಕತೆಯನ್ನು ಕರೆಯಲ್ಲಿ ಮುಗಿಸದೆ ಬರಹದಲ್ಲಿ ನಡೆಸಿ. ಬೆಲೆ, ಬಣ್ಣ, ಇಂಚುಗಳಲ್ಲಿ ಅಳತೆ, ಕೊರಿಯರ್ ವೆಚ್ಚ, ಎಷ್ಟು ದಿನಗಳಲ್ಲಿ ಮರಳಿಸಬಹುದು, ಯಾವ ಸ್ಥಿತಿಯಲ್ಲಿ ಮರಳಿಸಬಹುದು ಎಂಬುದೆಲ್ಲ ಹಣ ಪಡೆಯುವ ಮೊದಲೇ ಗ್ರಾಹಕನಿಗೆ ಬರಹದಲ್ಲಿ ತಲುಪಿರಲಿ. ವಸ್ತುವನ್ನು ತೋರಿಸುವಲ್ಲಿಂದ ಆರಂಭಿಸಿ ಪೊಟ್ಟಣಕ್ಕೆ ವಿಳಾಸ ಅಂಟಿಸುವವರೆಗೆ ನಡುವೆ ಕತ್ತರಿಸದ ಒಂದೇ ವೀಡಿಯೊ ಇರಲಿ. ಮೊಬೈಲ್ ಫೋನ್ ಆಗಿದ್ದರೆ ಅದರ ಐಎಂಇಐ ಸಂಖ್ಯೆಯೂ ಅದರಲ್ಲಿ ಕಾಣಲಿ. ಕೊರಿಯರ್ ರಸೀದಿಯಲ್ಲಿ ತೂಕ ನಮೂದಾಗಿರಲಿ. ಪೆಟ್ಟಿಗೆ ಖಾಲಿ ಇತ್ತೆನ್ನುವವನಿಗೆ ಆ ತೂಕವೇ ಉತ್ತರ. ಮರಳಿ ಬಂದ ಪೊಟ್ಟಣವನ್ನೂ ವೀಡಿಯೊ ಮಾಡಿಕೊಳ್ಳುತ್ತಲೇ ಬಿಚ್ಚಿರಿ. ದೊಡ್ಡ ಜಾಲತಾಣಗಳಲ್ಲಿ ಮಾರುವವರು ನಷ್ಟಪರಿಹಾರ ಕೇಳಲು ಗಡುವು ಇರುತ್ತದೆ. ಅದು ಮೀರಿದರೆ ಸತ್ಯ ನಿಮ್ಮ ಕಡೆ ಇದ್ದರೂ ಫಲವಿಲ್ಲ.

ಹಣದ ವಿಷಯದಲ್ಲಿ ಗ್ರಾಹಕ ತೋರಿಸುವ ಚಿತ್ರವನ್ನಾಗಲಿ ಬಂದ ಸಂದೇಶವನ್ನಾಗಲಿ ನಂಬದೆ ನಿಮ್ಮ ಖಾತೆಯನ್ನೇ ತೆರೆದು ನೋಡಿ. ಹೆಚ್ಚು ಹಣ ನಿಜವಾಗಿ ಬಂದಿದ್ದರೆ ಅವನು ಹೇಳಿದ ಬೇರೊಂದು ಸಂಖ್ಯೆಗೆ ಕಳುಹಿಸದೆ ಬ್ಯಾಂಕಿಗೆ ತಿಳಿಸಿ ಅದರ ಮೂಲಕವೇ ಮರಳಿಸಿ. ಕೊಂಡವನ ಹೆಸರು ಒಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು ಆಗಿದ್ದರೆ ಸರಕು ಕಳುಹಿಸುವ ಮೊದಲು ವಿಚಾರಿಸಿ. ಮಹಿಳೆಯರು ವ್ಯಾಪಾರಕ್ಕೆಂದೇ ಪ್ರತ್ಯೇಕ ಸಂಖ್ಯೆ ಇಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ವಸ್ತು ಮಾರುವವರು ಕೊಳ್ಳುವವನನ್ನು ಹಗಲಿನಲ್ಲಿ, ಜನರಿರುವ ಸ್ಥಳದಲ್ಲಿ ಭೇಟಿಯಾಗಲಿ.

ಬಾಗಿಲಿನಿಂದಲೇ ವಸ್ತು ಮರಳಿಸುವವರಿಂದ ಕಾಪಾಡಿಕೊಳ್ಳಲು ಕೆಲವರು ಮುಂಗಡ ಪಡೆಯುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊರಿಯರ್‌ಗೆ ತಗಲುವ ನಿಜವಾದ ವೆಚ್ಚವನ್ನು ಮೊದಲೇ ತಿಳಿಸಿ ಪಡೆಯುವುದು ಒಂದು. ವ್ಯಾಪಾರ ಮುರಿದು ಬಿದ್ದಾಗ ಮುಂಗಡವನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ಕರ್ಮಶಾಸ್ತ್ರದಲ್ಲಿ ‘ಉರ್ಬೂನ್’ ಎನ್ನುತ್ತಾರೆ. ಹನಫೀ, ಶಾಫಿಈ, ಮಾಲಿಕೀ ವಿದ್ವಾಂಸರು ಅದನ್ನು ಸಮ್ಮತಿಸುವುದಿಲ್ಲ, ಹಂಬಲೀ ಮದ್‌ಹಬ್ ಅನುಮತಿಸುತ್ತದೆ. ನಿಮ್ಮ ಊರಿನ ವಿದ್ವಾಂಸರನ್ನು ಕೇಳಿ ನಡೆಯಿರಿ. ವಂಚಕನನ್ನು ತಡೆಯುವ ಭರದಲ್ಲಿ ನಮ್ಮ ಗಳಿಕೆಯಲ್ಲಿ ಸಂಶಯದ ಕಾಸು ಸೇರಬಾರದು.

ಇಷ್ಟೆಲ್ಲಕ್ಕೂ ಮೊದಲಿನ ರಕ್ಷಣೆಯೊಂದಿದೆ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಡೆ ತೇವವಿತ್ತು. ಮಳೆಯಲ್ಲಿ ನೆನೆದ ಭಾಗವನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದರು. ನಮ್ಮ ಮೊಬೈಲಿನ ಚಿತ್ರಗಳಲ್ಲಿ ಹೊಲಿಗೆಯ ದೋಷ, ಬಣ್ಣದ ವ್ಯತ್ಯಾಸ, ಹಳೆಯ ಫ್ರಿಜ್‌ನ ತುಕ್ಕು ಮೇಲೆಯೇ ಕಾಣುತ್ತಿದೆಯೇ? ನಮ್ಮ ರಾಶಿ ಒಳಗೂ ಒಣಗಿದ್ದರೆ ಮಾತ್ರ ಗ್ರಾಹಕನ ಸುಳ್ಳನ್ನು ಸುಳ್ಳೆಂದು ಹೇಳುವ ನೈತಿಕ ಬಲ ನಮಗಿರುತ್ತದೆ. ದೋಷವಿರುವ ಅಥವಾ ಹೇಳಿದ ಗುಣವಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರುವವನು ನಿರಾಕರಿಸಬಾರದೆಂದು 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳೂ ಹೇಳುತ್ತವೆ. ಶರೀಅತ್ ಅದನ್ನು ‘ಖಿಯಾರುಲ್ ಐಬ್’ ಎಂಬ ಹೆಸರಿನಲ್ಲಿ ಶತಮಾನಗಳ ಹಿಂದೆಯೇ ಗ್ರಾಹಕನ ಹಕ್ಕಾಗಿಸಿದೆ. ದೋಷವಿಲ್ಲದಿದ್ದರೂ ಕೊಂಡು ಪಶ್ಚಾತ್ತಾಪಪಟ್ಟವನಿಂದ ಸರಕನ್ನು ಸಂತೋಷದಿಂದ ಮರಳಿ ಪಡೆಯುವುದು ದೊಡ್ಡ ಪುಣ್ಯಕಾರ್ಯ. ಎಲ್ಲ ಗ್ರಾಹಕರೂ ಕಳ್ಳರೆಂದು ಬಗೆಯುವ ವ್ಯಾಪಾರಿಯು ಈ ಪುಣ್ಯದಿಂದ ವಂಚಿತನಾಗುತ್ತಾನೆ.

ವಂಚನೆಗೊಳಗಾದಾಗ

ಎಷ್ಟು ಎಚ್ಚರವಹಿಸಿದರೂ ಕೆಲವೊಮ್ಮೆ ಮೋಸ ನಡೆದುಬಿಡುತ್ತದೆ. ಆಗ ಮರ್ಯಾದೆಗೆ ಅಂಜಿ ಮನೆಯಲ್ಲಿ ಮುಚ್ಚಿಡಬೇಡಿ. ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಹಣವು ಖಾತೆಯಿಂದ ಖಾತೆಗೆ ಜಿಗಿದು ಮಾಯವಾಗುವ ಮೊದಲೇ ಅದನ್ನು ತಡೆಹಿಡಿಯುವುದು ಈ ವ್ಯವಸ್ಥೆಯ ಉದ್ದೇಶ. ಆದ್ದರಿಂದ ಇಲ್ಲಿ ಒಂದು ಗಂಟೆಯ ವಿಳಂಬವೂ ದುಬಾರಿ. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಿ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇಂತಹ ಅಪರಾಧಗಳಿಗಾಗಿ ಸೆನ್ ಪೊಲೀಸ್ ಠಾಣೆಗಳಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ನೀಡಬಹುದು. ಹಳೆಯ 420ನೆಯ ಸೆಕ್ಷನ್ನಿನ ಸ್ಥಾನದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 318ನೆಯ ಸೆಕ್ಷನ್ ಇದೆ. ಅದರ ನಾಲ್ಕನೆಯ ಉಪವಿಭಾಗದ ಪ್ರಕಾರ ವಂಚಿಸಿ ಸೊತ್ತು ಲಪಟಾಯಿಸಿದವನಿಗೆ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಬೇರೊಬ್ಬನ ವೇಷದಲ್ಲಿ ಕಂಪ್ಯೂಟರ್ ಸಾಧನಗಳ ಮೂಲಕ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಮೂರು ವರ್ಷಗಳವರೆಗೆ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಮೋಸಹೋದ ಸಿಟ್ಟಿನಲ್ಲಿ ಗ್ರಾಹಕನ ಹೆಸರು, ಫೋಟೊ, ಫೋನ್ ಸಂಖ್ಯೆಗಳನ್ನು ಗುಂಪುಗಳಲ್ಲಿ ಹರಡುವ ಚಾಳಿ ಬೆಳೆಯುತ್ತಿದೆ. ಇದು ಸಲ್ಲದು. ಕಳ್ಳನು ಬಳಸಿದ ಭಾವಚಿತ್ರ ಬೇರೊಬ್ಬ ನಿರಪರಾಧಿಯದ್ದಾಗಿರಬಹುದು, ಸಂಖ್ಯೆಯೂ ಬೇರೆಯವರದ್ದಾಗಿರಬಹುದು. ಹೆಚ್ಚಿನ ಗುಮಾನಿಗಳಿಂದ ದೂರವಿರಬೇಕೆಂದು ಕುರ್‌ಆನಿನ 49ನೆಯ ಅಧ್ಯಾಯ ನಮಗೆ ಕಲಿಸುತ್ತದೆ. ದೂರು ಠಾಣೆಯಲ್ಲಿರಲಿ, ಬೀದಿಯಲ್ಲಿ ಬೇಡ. ಒಬ್ಬ ಗ್ರಾಹಕನಿಂದಾದ ನಷ್ಟವನ್ನು ಇನ್ನೊಬ್ಬ ಗ್ರಾಹಕನಿಗೆ ಕೀಳು ಸರಕು ಕೊಟ್ಟು ತುಂಬಿಕೊಳ್ಳುವುದಂತೂ ಸ್ಪಷ್ಟವಾದ ಅಕ್ರಮ. ನಿಮ್ಮನ್ನು ವಂಚಿಸಿದವನನ್ನೂ ನೀವು ವಂಚಿಸಬಾರದೆಂಬುದು ಪ್ರವಾದಿ(ಸ)ರ ಶಿಕ್ಷಣ. ಹಾಗಿರುವಾಗ ವಂಚಿಸದವನ ಗತಿಯೇನು?

ನಾವೇ ಗ್ರಾಹಕರಾದಾಗ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಈ ಅಪ್ರಾಮಾಣಿಕ ಗ್ರಾಹಕ ಯಾರು? ಸೇನಾಧಿಕಾರಿಯ ವೇಷ ತೊಟ್ಟವನು ದೂರದ ಊರಿನ ಕಳ್ಳನಿರಬಹುದು. ಆದರೆ ಉಡುಪು ತೊಟ್ಟು ಮರಳಿಸುವವರು? ಮೂರು ಅಳತೆಯ ಚಪ್ಪಲಿ ತರಿಸಿ ಬಾಗಿಲಲ್ಲೇ ಮೂರನ್ನೂ ಬೇಡವೆನ್ನುವವರು? ಅವರು ನಮ್ಮ ಮನೆಗಳಲ್ಲಿಯೇ ಇಲ್ಲವೇ?

ಈದ್‌ಗೆ ಮುಂಚೆ ತರಿಸಿ, ಈದ್ ದಿನ ತೊಟ್ಟು, ಮಾರನೆಯ ದಿನ ಬೆಲೆಚೀಟಿಯನ್ನು ಮತ್ತೆ ಸಿಕ್ಕಿಸಿ ಮರಳಿಸುವುದನ್ನು ಜಾಣತನವೆಂದು ಹೇಳಿಕೊಳ್ಳುವವರಿದ್ದಾರೆ. ಮಕ್ಕಳು ಅದನ್ನು ನೋಡುತ್ತಿರುತ್ತಾರೆ. ದೋಷವಿಲ್ಲದ ವಸ್ತುವಿನ ಮೇಲೆ ‘ದೋಷವಿದೆ’ ಎಂಬ ಕಾರಣವನ್ನು ಮೊಬೈಲಿನಲ್ಲಿ ಒತ್ತಲು ಎಷ್ಟೋ ಮನೆಗಳಲ್ಲಿ ಮಕ್ಕಳಿಗೇ ಹೇಳಲಾಗುತ್ತದೆ. ಒಂದು ಬೆರಳಿನ ಒತ್ತು, ಆದರೆ ಅದೊಂದು ಸುಳ್ಳು ಸಾಕ್ಷ್ಯ. ಬೆಳಿಗ್ಗೆ ಮದರಸಕ್ಕೆ ಕಳುಹಿಸಿದ ಮಗುವಿಗೆ ಸಂಜೆ ನಾವು ಕಲಿಸುತ್ತಿರುವ ಪಾಠವಿದು.

‘ದೊಡ್ಡ ಕಂಪೆನಿ, ಅದಕ್ಕೇನು ನಷ್ಟ’ ಎಂಬ ಸಮಾಧಾನವೂ ಇದೆ. ನಷ್ಟ ಕಂಪೆನಿಗೆ ಆದರೂ ಹರಾಮ್ ಹರಾಮೇ. ವಾಸ್ತವದಲ್ಲಿ ಆ ಜಾಲತಾಣಗಳಲ್ಲಿ ಮಾರುವವರಲ್ಲಿ ಅನೇಕರು ಸಣ್ಣ ವ್ಯಾಪಾರಿಗಳು. ಪರದೆಯ ಮೇಲೆ ಕಾಣುವುದು ಕಂಪೆನಿಯ ಹೆಸರು, ಹಿಂದಿರುವುದು ಯಾವುದೋ ಊರಿನ ಹೊಲಿಗೆಯಂತ್ರ.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಒಂದು ಹದೀಸ್ ಇಲ್ಲಿ ನಮ್ಮ ಕಣ್ಣು ತೆರೆಸಬೇಕು. ಅರಬರಲ್ಲಿ ಕೆಲವರು ಆಡನ್ನೋ ಒಂಟೆಯನ್ನೋ ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಕೆಚ್ಚಲು ತುಂಬಿಕೊಳ್ಳುವಂತೆ ಮಾಡುತ್ತಿದ್ದರು. ಪ್ರವಾದಿ(ಸ)ರು ಅದನ್ನು ನಿಷೇಧಿಸಿದರು. ಹಾಗೆ ಮೋಸ ಹೋಗಿ ಕೊಂಡವನಿಗೆ ಮರಳಿಸುವ ಹಕ್ಕನ್ನೂ ಕೊಟ್ಟರು. ಆದರೆ ಒಂದು ಷರತ್ತು: ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರವನ್ನು ಜೊತೆಗೆ ಕೊಡಬೇಕು. ಗಮನಿಸಿ, ಇಲ್ಲಿ ಮೋಸ ಮಾಡಿದವನು ಮಾರುವವನು. ಆದರೂ ಗ್ರಾಹಕ ಕುಡಿದ ಹಾಲು ಪುಕ್ಕಟೆಯಾಗಲಿಲ್ಲ. ಹಾಗಾದರೆ ಯಾವ ಮೋಸವನ್ನೂ ಮಾಡದ ಒಬ್ಬ ಸಹೋದರಿಯ ಬುರ್ಖಾವನ್ನು ತೊಟ್ಟು, ಪೂರ್ತಿ ಹಣ ಮರಳಿ ಪಡೆಯುವುದಕ್ಕೆ ಯಾವ ಮದ್‌ಹಬ್‌ನಲ್ಲಿ ಆಧಾರವಿದೆ?

ಹನಫೀ ಕರ್ಮಶಾಸ್ತ್ರದಲ್ಲಿ ನೋಡದೆ ಕೊಂಡ ವಸ್ತುವನ್ನು ನೋಡಿದ ಮೇಲೆ ನಿರಾಕರಿಸುವ ಹಕ್ಕು ಇದೆ. ಇದನ್ನು ಹಿಡಿದು ಕೆಲವರು ವಾದಿಸಬಹುದು. ಹೌದು, ಹಕ್ಕು ಇದೆ. ಆದರೆ ಅದು ನೋಡುವ ಹಕ್ಕು, ತೊಟ್ಟು ಸವೆಸುವ ಹಕ್ಕಲ್ಲ. ಹಕ್ಕನ್ನು ಹಕ್ಕಾಗಿ ಬಳಸಿ. ಬೇಕಾದುದನ್ನೇ ತರಿಸಿ, ಬೇಡವಾದರೆ ಹೊರಡುವ ಮುನ್ನವೇ ತಿಳಿಸಿ, ಬಾಗಿಲಿಗೆ ಬಂದ ಮೇಲೆ ಕಾರಣವಿಲ್ಲದೆ ತಿರುಗಿಸಬೇಡಿ, ಮರಳಿಸುವಾಗ ನಿಜವಾದ ಕಾರಣವನ್ನೇ ಬರೆಯಿರಿ. ಮಾರುವಾಗಲೂ ಕೊಳ್ಳುವಾಗಲೂ ಬಾಕಿ ಕೇಳುವಾಗಲೂ ಉದಾರವಾಗಿ ವರ್ತಿಸುವವನಿಗಾಗಿ ಪ್ರವಾದಿ(ಸ)ರು ಅಲ್ಲಾಹನ ಕೃಪೆಯನ್ನು ಬೇಡಿದ್ದಾರೆ. ಆ ಪ್ರಾರ್ಥನೆಯಲ್ಲಿ ಕೊಳ್ಳುವವನಿಗೂ ಪಾಲಿದೆ. ಅದನ್ನು 1,200 ರೂಪಾಯಿಗೆ ಕಳೆದುಕೊಳ್ಳಬೇಕೇ?

ಸಮುದಾಯದ ಹೊಣೆ

2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಕಾಣಿಸಿಕೊಂಡವು. ಶತಮಾನಗಳ ವ್ಯಾಪಾರ ಸಂಬಂಧವನ್ನು ಒಂದು ಫಲಕದಿಂದ ಕತ್ತರಿಸುವ ಯತ್ನವದು. ಅದನ್ನು ನಾವೂ ಖಂಡಿಸಿದೆವು, ನ್ಯಾಯಪ್ರಿಯರಾದ ಅನೇಕ ಹಿಂದೂ ಸಹೋದರರೂ ಖಂಡಿಸಿದರು. ಅಂತಹ ಫಲಕಗಳನ್ನು ನೇತುಹಾಕಲು ಸುಲಭವಲ್ಲದ ಮಾರುಕಟ್ಟೆಯೊಂದು ಮೊಬೈಲಿನ ಮೂಲಕ ನಮ್ಮ ಬಡ ಕುಟುಂಬಗಳಿಗೆ ತೆರೆದಿದೆ. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ಕೆಲವು ಷರತ್ತುಗಳಿಗೊಳಪಟ್ಟು ಜಿಎಸ್‌ಟಿ ನೋಂದಣಿ ಇಲ್ಲದೆಯೂ ರಾಜ್ಯದೊಳಗೆ ಜಾಲತಾಣಗಳ ಮೂಲಕ ಸರಕು ಮಾರಬಹುದಾಗಿದೆ. ಇಂತಹ ಮಾರುಕಟ್ಟೆಯ ವಿಶ್ವಾಸವನ್ನು ಕೊಳ್ಳುವವರಾಗಿ ನಾವೇ ಕೆಡಿಸಿದರೆ ಇತರರನ್ನು ದೂರಿ ಏನು ಫಲ? ಹಾಗೆಯೇ ಪ್ರತಿಯೊಂದು ನಿರಾಕರಣೆಯನ್ನೂ ಧರ್ಮದ್ವೇಷವೆಂದು ತಿಳಿಯಬೇಕಾಗಿಲ್ಲ. ವಂಚಕನಿಗೆ ಧರ್ಮವಿಲ್ಲ. ಸಲಾಮ್ ಹೇಳಿ ಮಾತು ಆರಂಭಿಸುವವನೂ ವಂಚಿಸಬಲ್ಲನು.

ಸರಕಾರದ ಹೊಣೆಯೂ ಇದೆ. ಡಿಜಿಟಲ್ ಪಾವತಿಯನ್ನು ಮನೆಮನೆಗೆ ತಲುಪಿಸಿದ ಆಡಳಿತವು ಅದರ ಎಚ್ಚರಿಕೆಗಳನ್ನು ಜನರ ಭಾಷೆಯಲ್ಲಿ ಅಷ್ಟೇ ಶ್ರದ್ಧೆಯಿಂದ ತಲುಪಿಸಬೇಕು. ಗ್ರಾಹಕನ ದೂರು ಆಲಿಸಲು ಆಯೋಗಗಳಿವೆ, ಅದು ಸರಿಯೇ. ಆದರೆ ಸುಳ್ಳು ಹೇಳಿದ ಗ್ರಾಹಕನ ವಿರುದ್ಧ ಸಣ್ಣ ವ್ಯಾಪಾರಿಯ ದೂರು ಬಹುಮಟ್ಟಿಗೆ ಜಾಲತಾಣದ ತೀರ್ಮಾನಕ್ಕೇ ಬಿಟ್ಟಿದ್ದು. ನಿರಪರಾಧಿಯ ಖಾತೆ ಸ್ಥಗಿತಗೊಂಡರೆ ಅದನ್ನು ತೆರೆಸಲು ಅವನು ಠಾಣೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಠಾಣೆಗೆ ಅಲೆಯಬೇಕಾಗುತ್ತದೆ. ಇದಕ್ಕೆ ಸುಲಭವಾದ ಮತ್ತು ಶೀಘ್ರವಾದ ಪರಿಹಾರ ಬೇಕೆಂದು ನಮ್ಮ ಜನಪ್ರತಿನಿಧಿಗಳನ್ನು ನಾವು ಒತ್ತಾಯಿಸಬೇಕು.

ಆದರೆ ಸರಕಾರ ಎಚ್ಚೆತ್ತುಕೊಳ್ಳುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಪ್ರತಿಯೊಂದು ಜಮಾಅತ್‌ನಲ್ಲಿಯೂ ಮೊಬೈಲ್ ಬಲ್ಲ ಇಬ್ಬರು ತರುಣರೂ ಇಬ್ಬರು ತರುಣಿಯರೂ ಈ ಕೆಲಸಕ್ಕೆ ಮುಂದೆ ಬರಲಿ. ಮೋಸಹೋದವರ ಪರವಾಗಿ 1930ಕ್ಕೆ ಕರೆ ಮಾಡಿ ದೂರು ಬರೆಯಲು ನೆರವಾಗಲಿ. ಮನೆಯಿಂದ ಮಾರುವ ಮಹಿಳೆಯರಿಗೆ ಅರ್ಧ ದಿನದ ತರಬೇತಿ ನೀಡಲಿ. ಝಕಾತ್ ಪಡೆಯಲರ್ಹರಾದ ಎಂಟು ವರ್ಗಗಳಲ್ಲಿ ಸಾಲದ ಹೊರೆ ಹೊತ್ತವರೂ ಸೇರಿದ್ದಾರೆಂಬುದನ್ನು ಒಂಬತ್ತನೆಯ ಅಧ್ಯಾಯದ 60ನೆಯ ವಚನ ಹೇಳುತ್ತದೆ. ವಂಚನೆಯಿಂದ ಬಂಡವಾಳ ಕಳೆದುಕೊಂಡು ಸಾಲದಲ್ಲಿ ಮುಳುಗಿದ ಬಡ ವ್ಯಾಪಾರಿಯನ್ನು ಬಡ್ಡಿಯ ಫೈನಾನ್ಸ್‌ನವರು ಹುಡುಕಿಕೊಂಡು ಬರುವ ಮೊದಲು ನಮ್ಮ ಝಕಾತ್ ಸಮಿತಿ ಹುಡುಕಿಕೊಂಡು ಹೋಗಲಿ.

ಸಹೋದರ ಸಹೋದರಿಯರೇ, ಹಿಂದಿನ ಮಾರುಕಟ್ಟೆಯಲ್ಲಿ ತಕ್ಕಡಿ ಮಾರುವವನ ಕೈಯಲ್ಲಿ ಮಾತ್ರ ಇತ್ತು. ಇಂದು ಕೊಳ್ಳುವವನ ಕೈಯಲ್ಲಿಯೂ ಒಂದು ತಕ್ಕಡಿ ಇದೆ. ಅವನ ಒಂದು ಮಾತು, ಒಂದು ದೂರು, ಒಂದು ನಕ್ಷತ್ರದ ಅಂಕ ಇನ್ನೊಬ್ಬರ ಅನ್ನವನ್ನು ತೂಗುತ್ತದೆ. ಪರದೆಯ ಮರೆಯಲ್ಲಿ ಯಾರೂ ನೋಡುತ್ತಿಲ್ಲವೆಂದು ತೋರುವ ಗಳಿಗೆಯಲ್ಲಿಯೇ ನಮ್ಮ ಈಮಾನ್‌ನ ಪರೀಕ್ಷೆ ನಡೆಯುತ್ತಿರುತ್ತದೆ. ನಾವು ಮಾರುವವರಾಗಿ ಎಚ್ಚರವುಳ್ಳವರೂ ಕೊಳ್ಳುವವರಾಗಿ ದೇವಭಯವುಳ್ಳವರೂ ಆಗೋಣ.

ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ನಮ್ಮ ವ್ಯವಹಾರಗಳಲ್ಲಿ ಬರಕತ್ ನೀಡಲಿ. ನಾವು ಇತರರಿಂದ ವಂಚಿತರಾಗದಂತೆಯೂ ಇತರರು ನಮ್ಮಿಂದ ವಂಚಿತರಾಗದಂತೆಯೂ ನಮ್ಮನ್ನು ಕಾಪಾಡಲಿ. ಆಮೀನ್.